ಹೋಲಿಸಿ ನೋಡುವ ಸಾಹೇಬರು

ನಮ್ಮ ಸಿಕಂದರಾಬಾದ್ ಕಚೇರಿಯ ಸೈಬರ್ ಭದ್ರತೆಯ ಮುಖ್ಯಸ್ಥರು ಕಲಬುರಗಿ ಕಡೆಯವರು. ಏನು ಕೇಳಿದರೂ ಕನ್ನಡಕ ಒರೆಸುತ್ತ, "ಹೋಲಿಸಿ ನೋಡೂಣ್ರಿ" ಎನ್ನುತ್ತಿದ್ದರು. ಇಂಟರ್ನೆಟ್ಟಿಗೆ ತೆರೆದುಕೊಂಡ ನಮ್ಮ ವೆಬ್‌ಸೈಟು ಮುಂತಾದ ಬಾಗಿಲುಗಳನ್ನೆಲ್ಲ ಹುಡುಕಿ ಕಾಯುವ ಸಾಫ್ಟ್‌ವೇರ್ ಕೊಳ್ಳಬೇಕೋ, ದೋಷ ಹಿಡಿದುಕೊಟ್ಟ ಹೊರಗಿನವರಿಗೆ ಬಹುಮಾನ ಕೊಡುವ ಬಗ್ ಬೌಂಟಿ ನಡೆಸಬೇಕೋ ಎಂದು ವರ್ಷವಿಡೀ ಹೋಲಿಸಿದರು. ಮಾರಲು ಬಂದವರೆಲ್ಲ ಅವರಿಗೆ ಚಹಾ ಕುಡಿಸಿಯೇ ಸುಸ್ತಾದರು.

ಒಂದು ದಿನ ದಿಲ್‌ಸುಖ್‌ನಗರದ ಗ್ರಾಹಕಿಯೊಬ್ಬರು ಫೋನ್ ಮಾಡಿ, ತಮ್ಮ ಮನೆ ವಿಳಾಸ ನಮ್ಮ ಯಾವುದೋ ವೆಬ್‌ಸೈಟಿನಲ್ಲಿ ಊರಿಗೆಲ್ಲ ಕಾಣುತ್ತಿದೆ ಎಂದು ತೆಲುಗಿನಲ್ಲಿ ಬೈದರು. ಹುಡುಕಿದರೆ, ಸಾಫ್ಟ್‌ವೇರ್, ಬೌಂಟಿ ಎರಡನ್ನೂ ಪರೀಕ್ಷಿಸಲೆಂದು ಸಾಹೇಬರೇ ಗ್ರಾಹಕರ ವಿವರ ತುಂಬಿಸಿ ತೆರೆಸಿ, ಮುಚ್ಚಲು ಮರೆತ ಸೈಟು ಅದು.

"ಈಗಲೇ ಮುಚ್ಚಲೇನ್ರಿ, ಸರ್?" ಎಂದೆ.

ಕನ್ನಡಕ ಒರೆಸಿದರು. "ತಡೀರಿ. ಹೊರಗಿನಾಕಿ ಹಿಡದಾಳ, ಖರೆ. ಸಾಫ್ಟ್‌ವೇರೂ ಹಿಡೀತೈತೇನು, ಹೋಲಿಸಿ ನೋಡೂಣ್ರಿ."