ಬೆನ್ನ ಹಿಂದೆ ಸಿಕ್ಕಿದ ಗಾಳ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗಿ ಟಿವಿ ಸದ್ದು ಜಾಸ್ತಿ ಮಾಡುತ್ತಿದ್ದವನು ನಾನು. ಗಂಗಾನಗರದಲ್ಲಿ ಫ್ರಿಜ್, ಏಸಿ ರಿಪೇರಿ ನನ್ನ ಕೆಲಸ. ಕಾರಣವಿಲ್ಲದೆ ಯಾವುದೂ ಕೆಡುವುದಿಲ್ಲ ಎಂದೇ ನಂಬಿದ್ದೆ. ಈಗಲೂ ದೆವ್ವವಿದೆ ಎಂದು ಹೇಳುತ್ತಿಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಆರು ವರ್ಷದ ಹಿಂದೆ, ಮನೆ ಖಾಲಿ ಮಾಡುತ್ತಿದ್ದ ಗಿರಾಕಿಯೊಬ್ಬರು ನನಗೊಂದು ಫ್ಲೈ ರಾಡ್, ಅಂದರೆ ವಿದೇಶಿ ಮಾದರಿಯ ಮೀನು ಹಿಡಿಯುವ ಕೋಲು, ಕೊಟ್ಟರು. ಅದಕ್ಕೆ ಎರೆಹುಳು ಬೇಡ. ಚಿಕ್ಕ ಗಾಳಕ್ಕೆ ಕೋಳಿ ಗರಿ ಸುತ್ತಿ ಹುಳುವಿನಂತೆ ಮಾಡಬೇಕು. ದಪ್ಪ ದಾರವನ್ನು ಮೊದಲು ಬೆನ್ನ ಹಿಂದಕ್ಕೆ ಬೀಸಿ, ಅದು ಪೂರ್ತಿ ಚಾಚಿಕೊಂಡ ಮೇಲೆ ಮುಂದಕ್ಕೆ ಎಸೆಯಬೇಕು. ಭಾನುವಾರ ಬೆಳಿಗ್ಗೆ ನಾನೂ ಮುನಿರಾಜನೂ ಹುಣಸಮಾರನಹಳ್ಳಿ ಆಚೆಯ ಕೆರೆಯೊಂದಕ್ಕೆ ಜಿಲೇಬಿ ಮೀನು ಹಿಡಿಯಲು ಹೋಗುತ್ತಿದ್ದೆವು. ಮುನಿರಾಜ ನನ್ನ ಜೊತೆ ಓದಿದವನು, ಆ ಊರಿನವನೇ. ಅವನದು ಬಿದಿರು ಗಳ. ನನ್ನ ಗರಿಯ ಹುಳು ನೋಡಿ ನಗುತ್ತಿದ್ದ, ನನಗೆ ಜಾಸ್ತಿ ಮೀನು ಬಿದ್ದರೆ ಬೈಯುತ್ತಿದ್ದ.

ಆ ವರ್ಷ ಕೆರೆಯ ಮೀನು ಗುತ್ತಿಗೆ ಹಿಡಿದವನ ಆಳುಗಳಿಗೂ ಮುನಿರಾಜನಿಗೂ ಜಗಳವಾಗಿತ್ತು. ಇನ್ನೊಮ್ಮೆ ಕಂಡರೆ ಕೈ ಮುರಿಯುತ್ತೇವೆ ಎಂದಿದ್ದರಂತೆ. ಆಮೇಲಿನ ಭಾನುವಾರ, ಇಲ್ಲಿ ಬೇಡ, ಬೇರೆ ಕೆರೆಗೆ ಹೋಗೋಣ ಎಂದೆ.

"ನಮ್ ತಾತ ಮಣ್ ಒತ್ತಿದ್ ಕೆರೆ ಕಣೋ ಇದು. ನಾನ್ಯಾಕೆ ಎದರ್ಕೋಬೇಕು?" ಎಂದವನೇ ಆಚೆ ದಡಕ್ಕೆ ಹೋಗಿ ಕೂತ. ನಮ್ಮಿಬ್ಬರ ನಡುವೆ ಕೆರೆಯಷ್ಟೂ ನೀರಿತ್ತು.

ಎಂಟು ಗಂಟೆ ಇರಬಹುದು. ಎರಡು ಮೀನು ಸಿಕ್ಕಿದ್ದವು. ದಾರವನ್ನು ಹಿಂದಕ್ಕೆ ಬೀಸಿದೆ, ಗಾಳ ಯಾವುದಕ್ಕೋ ಸಿಕ್ಕಿಕೊಂಡಿತು. ಯಾವುದೋ ಗಿಡ ಎಂದುಕೊಂಡು, ತಿರುಗಿಯೂ ನೋಡದೆ, ರೇಗಿ ಜೋರಾಗಿ ಜಗ್ಗಿದೆ. ಬೆನ್ನ ಹಿಂದೆಯೇ ಗಂಡಸೊಬ್ಬ ಚೀರಿದ. ಮುನಿರಾಜನ ದನಿ.

ತಿರುಗಿದರೆ ಯಾರೂ ಇಲ್ಲ. ಗಿಡವೂ ಇಲ್ಲ. ಒಣಗಿ ಬಿರುಕು ಬಿಟ್ಟ ನೆಲ, ಅಷ್ಟೇ. ದಾರದ ತುದಿಯಲ್ಲಿ ಗರಿ ರಕ್ತದಿಂದ ಒದ್ದೆಯಾಗಿತ್ತು, ಗಾಳದಲ್ಲಿ ಉಗುರಿನಷ್ಟು ಚರ್ಮವಿತ್ತು.

ಆಚೆ ದಡ ನೋಡಿದೆ. ಮುನಿರಾಜ ಎಡಗಿವಿ ಹಿಡಿದುಕೊಂಡು ಎದ್ದು ಹಿಂದಕ್ಕೆ ತಿರುಗುತ್ತಿದ್ದ. ಅಷ್ಟರಲ್ಲಿ ಜಾಲಿ ಪೊದೆಯ ಮರೆಯಿಂದ ಮೂವರು ನುಗ್ಗಿದರು. ಮೊದಲನೆಯವನು ಬೀಸಿದ ಕಬ್ಬಿಣದ ಪೈಪು ಭುಜಕ್ಕೆ ಬಿತ್ತು. ನೆಲಕ್ಕೆ ಬಿದ್ದವನ ಹೊಟ್ಟೆಗೆ, ಪಕ್ಕೆಗೆ ಒದ್ದರು. ಒಬ್ಬ ಅವನ ಬಲಗೈಯನ್ನು ಕಲ್ಲಿನ ಮೇಲೆ ಒತ್ತಿ ಹಿಡಿದ, ಇನ್ನೊಬ್ಬ ಪೈಪಿನಿಂದ ಬಡಿದ. ಪೈಪು ಮತ್ತೆ ಮೇಲೆದ್ದ ಮೇಲೆ ಏಟಿನ ಸದ್ದು ನೀರು ದಾಟಿ ನನ್ನನ್ನು ಮುಟ್ಟುತ್ತಿತ್ತು. ಕೂಗುತ್ತಾ ಕೆರೆ ಏರಿಯ ಮೇಲೆ ಓಡಿದೆ. ತಲುಪುವಷ್ಟರಲ್ಲಿ ಅವರು ಬೈಕ್ ಹತ್ತಿ ಹೋಗಿದ್ದರು. ಅವನ ಬಾಯಿಂದ ರಕ್ತ ಬರುತ್ತಿತ್ತು, ಬೆರಳುಗಳು ಎತ್ತೆತ್ತಲೋ ತಿರುಗಿದ್ದವು.

ಯಲಹಂಕದ ಆಸ್ಪತ್ರೆಯಲ್ಲಿ ಅವನ ಜೀವ ಉಳಿಯಿತು. ಹೊಲಿಗೆ ಹಾಕಿದ ಡಾಕ್ಟರು, ಕಿವಿಯ ಗಾಯ ಮಾತ್ರ ಪೈಪಿನದಲ್ಲ, ಸಣ್ಣ ಕೊಕ್ಕೆಯಂಥದ್ದಕ್ಕೆ ಸಿಕ್ಕಿ ಹರಿದಿದೆ ಎಂದರು.

ಮೂರನೇ ದಿನ ಮುನಿರಾಜ ಮಾತಾಡಿದ. "ಅವ್ರ್ ಬರೋಕ್ ಮುಂಚೆ ಯಾರೋ ಕಿವಿ ಇಡ್ದು ಎಳುದ್ರು ಕಣೋ. ಅದುಕ್ಕೇ ತಿರುಗ್ದೆ. ಇಲ್ದಿದ್ರೆ ಆ ಏಟು ನೆತ್ತಿಗೇ ಬೀಳ್ತಿತ್ತು."

ನನ್ನ ಗಾಳ ಯಾವುದೋ ಹಕ್ಕಿಗೆ ಸಿಕ್ಕಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಾದರೆ ಆ ಚೀರಾಟ? ಕೆರೆಯ ಅಗಲದ ಮುಂದೆ ನನ್ನ ದಾರ ಎಷ್ಟುದ್ದ? ಅದೂ ನಾನು ಬೀಸಿದ್ದು ಅವನಿದ್ದ ಕಡೆಗಲ್ಲ. ಲೆಕ್ಕ ಎಲ್ಲೂ ಕೂಡುವುದಿಲ್ಲ.

ಮುನಿರಾಜನ ಬಲಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾನೆ: "ನೀನು ನೋಡ್ದಲ್ಲ, ಆವತ್ತು ನನ್ ಇಂದೆ ಯಾರಿದ್ರು?"

ಯಾರೂ ಇರಲಿಲ್ಲ ಎನ್ನುತ್ತೇನೆ. ಅದು ಸುಳ್ಳಲ್ಲ. ಅದರ ಮುಂದಿನ ಮಾತು ಮಾತ್ರ ಇವತ್ತಿನವರೆಗೂ ನನ್ನ ಬಾಯಿಂದ ಹೊರಟಿಲ್ಲ.