ದೈತ್ಯನ ಕಾಲ ಬಳಿ ಸಣ್ಣ ಮನುಷ್ಯ

ಹೋದ ವಾರ ಸಿಂದಗಿ ಬಸ್ ನಿಲ್ದಾಣದ ಎದುರಿಗೆ ಚಹಾ ಕುಡಿಯುತ್ತ ನಿಂತಿದ್ದಾಗ ಮೊಬೈಲಿಗೆ ಒಂದು ಚಿತ್ರ ಬಂತು. ಬರಲಿರುವ ಯಾವುದೋ ದೈತ್ಯಪ್ರಾಣಿಯ ಸಿನಿಮಾಕ್ಕಾಗಿ ಕಲಾವಿದರು ಮೊದಲೇ ಬಿಡಿಸಿಟ್ಟ ಕಲ್ಪನೆಯ ಚಿತ್ರ. ಮಂಜಿನೊಳಗೆ ಒಂದು ಬೆನ್ನು, ಕೆಳಗೆ ಬೆಂಕಿ ಹತ್ತಿದ ಊರು. ನೀವಾದರೆ ಬೆರಳಿನಿಂದ ಮುಂದಕ್ಕೆ ಸರಿಸಿಬಿಡುತ್ತಿದ್ದಿರಿ. ನನ್ನ ಚಹಾ ಕೈಯಲ್ಲೇ ಆರಿತು. ಐವತ್ತು ದಾಟಿದ ತಹಶೀಲ್ದಾರ್ ಕಚೇರಿಯ ಗುಮಾಸ್ತನೊಬ್ಬ ರಾಕ್ಷಸ ಹಲ್ಲಿಯನ್ನು ನೋಡಿ ಕಣ್ಣೊರೆಸಿಕೊಳ್ಳುವುದು ಶೋಭೆಯಲ್ಲ, ಗೊತ್ತು. ಆದರೆ ಈ ಹಲ್ಲಿಗಳು ನಮ್ಮ ಮನೆಗೆ ಹೊಸಬರಲ್ಲ. ನನ್ನ ಅಕ್ಕ ಸುವರ್ಣ ಅವುಗಳನ್ನು ಕರೆತಂದವಳು.

ಅಕ್ಕ ಬಸವನ ಬಾಗೇವಾಡಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮದುವೆ ಬೇಡವೆಂದವಳು ಕೊನೆಯವರೆಗೂ ಬೇಡವೆಂದೇ ಇದ್ದಳು. ವಿಜಯಪುರದ ಟಾಕೀಸಿಗೆ ದೈತ್ಯಪ್ರಾಣಿಯ ಸಿನಿಮಾ ಬಂದರೆ ಸಾಕು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನನ್ನನ್ನೂ ಎಳೆದುಕೊಂಡು ಹೊರಡುತ್ತಿದ್ದಳು. ಕೂರುವುದು ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ. ಕತ್ತು ನೋಯುತ್ತದೆ ಅಂದರೆ, "ಹಿಂದ ಕುಂತ್ರ ಅದು ನಮ್ಮಷ್ಟ ಆಗತೈತಿ, ಸುಮ್ನ ಕೂಡು" ಅನ್ನುವಳು. ಸಮುದ್ರದಿಂದ ತಲೆ ಎದ್ದಾಗ ಸೀಟಿ ಹೊಡೆಯುವ ಹುಡುಗರ ನಡುವೆ ಸೆರಗು ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟುವಳು. ಗುರುತಿನವರು ಯಾರಾದರೂ ಇದ್ದಾರೇನೋ ಎಂದು ನಾನು ತಲೆ ತಗ್ಗಿಸುತ್ತಿದ್ದೆ.

ಸಿನಿಮಾಕ್ಕಿಂತ ಅವಳಿಗೆ ಪ್ರಿಯವಾದದ್ದು ಆ ಕಲ್ಪನೆಯ ಚಿತ್ರಗಳು. ಅವುಗಳದೇ ಒಂದು ದಪ್ಪ ಪುಸ್ತಕವನ್ನು ಹೊರದೇಶದಿಂದ ತರಿಸಿಕೊಂಡಿದ್ದಳು. "ಸಿನಿಮಾದಾಗ ಅದಕ್ಕ ಸಾಯೂದು ತಪ್ಪಂಗಿಲ್ಲ. ಇಲ್ಲಿ ನೋಡು ತಮ್ಮಾ, ಇನ್ನೂ ಹುಟ್ಟಾಕತ್ತೈತಿ" ಅನ್ನುವಳು. ಒಂದು ಪುಟದಲ್ಲಿ ಬರೀ ಪಾದ, ಅದರ ಪಕ್ಕ ಕೊಡೆ ಹಿಡಿದ ಇರುವೆಯಷ್ಟು ಮನುಷ್ಯ. "ಈ ಮನಷ್ಯಾನ್ನ ಬೆರಳಿಲೆ ಮುಚ್ಚು. ಬರೇ ಹಲ್ಲಿ ಕಾಲು. ಈಗ ತಗಿ. ಎದಿ ಝಲ್ ಅಂತಿಲ್ಲೊ?" ನಿಜವಾಗಿಯೂ ಅಂದಿತು. ಅಂದದ್ದನ್ನು ಒಪ್ಪಿಕೊಳ್ಳದೆ ಕಿಟಕಿಯ ಕಡೆ ನೋಡಿದೆ.

ಸಕ್ಕರೆ ಕಾಯಿಲೆ ನಮ್ಮ ವಂಶದ ಆಸ್ತಿ. ಅದು ಮೊದಲು ಅವಳ ಕಣ್ಣಿಗೆ ಬಂತು. ಕಪ್ಪುಹಲಗೆಯ ಮೇಲೆ ತಾನು ಬರೆದದ್ದೇ ತನಗೆ ಕಾಣದಾದಾಗ ಶಾಲೆ ಬಿಟ್ಟಳು. ಪರದೆಯ ಮೇಲೆ ಬರೀ ಬೆಳಕು ಅಲುಗಾಡುವಷ್ಟು ಉಳಿದಾಗ ಟಾಕೀಸನ್ನೂ ಬಿಟ್ಟಳು. ಆಮೇಲೆ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು, "ನೀ ನೋಡಿ ಹೇಳು" ಅಂದಳು.

ಜೀವನವಿಡೀ ಪಂಚನಾಮೆ ಬರೆದವನು ನಾನು. "ಪೂರ್ವಕ್ಕ ಸಮುದ್ರ, ಪಶ್ಚಿಮಕ್ಕ ಸುಟ್ಟ ಊರು, ನಡುವ ಸದರಿ ಪ್ರಾಣಿ" ಎಂದು ಶುರುಮಾಡಿದೆ.

"ಹೊಲದ ಚಕ್ಕುಬಂದಿ ಕೇಳಿಲ್ಲೊ ನಾ. ಬಣ್ಣ ಹೇಳು."

"ಕರಿ."

"ಎಂಥಾ ಕರಿ? ಎಮ್ಮಿ ಕರಿನೊ, ಎರಿಮಣ್ಣಿನ ಕರಿನೊ, ರೊಟ್ಟಿ ಹಂಚಿನ ಕರಿನೊ?"

ನಾನು ಮೊದಲ ಸಲ ಸರಿಯಾಗಿ ನೋಡಿದೆ. ಮಳೆ ಬಿದ್ದ ಮೇಲಿನ ಎರೆಮಣ್ಣಿನ ಕಪ್ಪು ಅದು. ಹಾಗೆಂದೆ. ಅವಳು ಕಣ್ಣು ಮುಚ್ಚಿ, "ಹಾಂ, ಈಗ ಬಂತು" ಅಂದಳು.

ಕಣ್ಣಿನ ನಂತರ ಮೂತ್ರಪಿಂಡ. ವಾರಕ್ಕೆರಡು ಸಲ ವಿಜಯಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಾನು ಸಿಂದಗಿಯಿಂದ ಹೋಗಿ ಪಕ್ಕದ ಸ್ಟೂಲಿನ ಮೇಲೆ ಕೂತು ಚಿತ್ರ ಹೇಳುತ್ತಿದ್ದೆ. ಆಚೆ ಹಾಸಿಗೆಯಲ್ಲಿ ದೇವರ ಹಿಪ್ಪರಗಿಯ ಕುರಿ ಕಾಯುವ ಬೀರಪ್ಪ. ಅವನ ರಕ್ತವೂ ಅದೇ ಹೊತ್ತಿಗೆ ನಳಿಕೆಯಲ್ಲಿ ಸುತ್ತುತ್ತಿತ್ತು. "ಸ್ವಲ್ಪ ಜೋರ್ ಹೇಳ್ರಿ ಸಾಹೇಬ್ರ, ಮಷೀನ್ ಸಪ್ಪಳದಾಗ ಕೇಳವಲ್ದು" ಅನ್ನುತ್ತಿದ್ದ.

ಒಂದು ದಿನ ಪುಸ್ತಕ ಮುಗಿದೇಹೋಯಿತು. ಪುಟ ತಿರುಗಿಸುವ ಸಪ್ಪಳ ಮಾಡುತ್ತ ನಾನೇ ಒಂದನ್ನು ಹುಟ್ಟಿಸಿದೆ. ಕೊಲ್ಹಾರದ ಹಿನ್ನೀರಿನಿಂದ ಒಂದು ಪ್ರಾಣಿ ಎದ್ದಿದೆ, ಮುಳುಗಿದ ಹಳೇ ಊರಿನ ಗೋಡೆಗಳು ಅದರ ಬೆನ್ನಿಗೆ ಅಂಟಿಕೊಂಡಿವೆ, ಮೀನುಗಾರನೊಬ್ಬ ಹರಿಗೋಲಿನಲ್ಲಿ ಕೂತು ತಲೆ ಎತ್ತಿ ನೋಡುತ್ತಿದ್ದಾನೆ.

ಅಕ್ಕ ನನ್ನ ಕಡೆ ಮುಖ ತಿರುಗಿಸಿದಳು. "ಇದು ಪುಸ್ತಕದಾಗಿಲ್ಲ, ಹೌದಿಲ್ಲೊ?"

"ಇಲ್ಲ."

"ಇರ್ಲಿ. ಮುಂದ ಹೇಳು."

ಅಂದಿನಿಂದ ಆ ಪ್ರಾಣಿ ಪ್ರತಿ ಸಲ ಸ್ವಲ್ಪ ಸ್ವಲ್ಪ ನಡೆಯಿತು. ಮುದ್ದೇಬಿಹಾಳದ ತೊಗರಿ ಹೊಲ ತುಳಿಯಿತು, ಇಂಡಿಯ ನಿಂಬೆ ತೋಟ ದಾಟಿತು. ಅದಕ್ಕೇಕೆ ಅಷ್ಟು ಸಿಟ್ಟು ಎಂದು ಬೀರಪ್ಪ ಕೇಳಿದಾಗ ಉತ್ತರ ಕೊಟ್ಟವಳು ಅಕ್ಕ. "ಸಿಟ್ಟಿಲ್ಲೊ ಬೀರಪ್ಪ. ಅದು ತನ್ನ ದಾರಿ ಹಿಡದು ಹೊಂಟೈತಿ. ನಾವು ಕಾಲಾಗ ಬಂದೀವಿ, ಅಷ್ಟ." ನರ್ಸ್ ಬಂದು ಅವಳ ತೋಳಿನ ಪಟ್ಟಿ ಬಿಚ್ಚಿದಳು.

ಪ್ರಾಣಿ ಚಡಚಣದ ದ್ರಾಕ್ಷಿ ತೋಟದ ಹತ್ತಿರ ಬಂದಿದ್ದ ವಾರ ಅಕ್ಕ ಹೋದಳು. ಬಾಗೇವಾಡಿಯಲ್ಲಿ ಮಣ್ಣು ಮಾಡಿದೆವು. ನಾನು ಆ ಆಸ್ಪತ್ರೆಯ ರಸ್ತೆಗೆ ಮತ್ತೆ ಕಾಲಿಡಲಿಲ್ಲ.

ಮೊಬೈಲಿನ ಆ ಚಿತ್ರ ಬಂದ ಮೇಲೆ ಮಾತ್ರ ಸುಮ್ಮನಿರಲಾಗಲಿಲ್ಲ. ನಿನ್ನೆ ರಜೆ ಹಾಕಿ ವಿಜಯಪುರಕ್ಕೆ ಹೋದೆ. ಅಕ್ಕನ ಹಾಸಿಗೆಯಲ್ಲಿ ಬೇರೆ ಯಾರೋ ಹೆಂಗಸು. ಬೀರಪ್ಪ ಇದ್ದ. ಮುಖ ಊದಿ, ಕೈ ಕಡ್ಡಿಯಾಗಿ, ಆದರೆ ಇದ್ದ. ನನ್ನನ್ನು ನೋಡಿದ್ದೇ, "ಅಕ್ಕೋರ ಸುದ್ದಿ ತಿಳೀತ್ರಿ" ಅಂದ. ಆಮೇಲೆ ಕೇಳಿದ. "ಆ ಪ್ರಾಣಿದು ಏನಾತ್ರಿ?"

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಮಹಾರಾಷ್ಟ್ರದ ಗಡಿ ದಾಟಿ ಹೋಯಿತು ಅನ್ನಬಹುದಿತ್ತು. ಬಾಯಿಂದ ಬಂದದ್ದು ಬೇರೆ.

"ಸತ್ತಿತೋ ಬೀರಪ್ಪ."

ಅವನು ಚಾವಣಿ ನೋಡುತ್ತ ಮಲಗಿದ. ಜೀವಮಾನವಿಡೀ ಸತ್ತ ಕುರಿಗಳಿಗೆ ತಗ್ಗು ತೋಡಿದವನು. ಕೊನೆಗೆ ಕೇಳಿದ. "ಅಷ್ಟು ದೊಡ್ಡದು… ಮಣ್ಣು ಯಾರು ಮಾಡಿದ್ರೀ?"

"ನಾನ" ಅಂದೆ.

ಅವನು ಸೂಜಿ ಚುಚ್ಚದ ಕೈಯನ್ನು ತಂದು ನನ್ನ ಮೊಣಕಾಲಿನ ಮೇಲಿಟ್ಟ. ಅದು ಹಗುರವಾಗಿತ್ತು, ತಣ್ಣಗಿತ್ತು. ಅವನ ಪಾಳಿ ಮುಗಿಯುವವರೆಗೆ ನಾನು ಹಾಗೇ ಕೂತಿದ್ದೆ.