ನಲವತ್ತೈದರವರೆಗೆ ಎಣಿಸುವ ಅಕ್ಕ

ಆರು ಗಂಟೆ ಹತ್ತು ನಿಮಿಷಕ್ಕೆ ಹಿಂಬಾಗಿಲ ಬೀಗ ತೆರೆಯುತ್ತದೆ. ಆರೂ ಕಾಲಿಗೆ ಆವಿಯ ಯಂತ್ರಕ್ಕೆ ನೀರು. ಆರೂವರೆಗೆ ಅದರೊಳಗೆ ಮೊದಲ ಹನ್ನೆರಡು ತಟ್ಟೆಗಳು. ಒತ್ತಡದ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದ ಮೇಲೆ ಇಪ್ಪತ್ತು ನಿಮಿಷ ಕಾಯಬೇಕು. ಅನಂತರ ಇಕ್ಕಳ, ಪುಟ್ಟ ಕನ್ನಡಿ, ಕೊಕ್ಕೆಗಳನ್ನು ಹಲ್ಲಿನ ಆಸ್ಪತ್ರೆಯ ಸಹಾಯಕಿ ಒಂದೊಂದಾಗಿ ಹೊರತೆಗೆದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಾರೆ. ವೈದ್ಯರು ಬರುವುದು ಒಂಬತ್ತಕ್ಕೆ.

ಅವರಿಗೆ ನಲವತ್ತೇಳು ವರ್ಷ. ಇಲ್ಲಿ ಸೇರಿ ಹತ್ತೊಂಬತ್ತು ವರ್ಷ. ಅದಕ್ಕೂ ಮೊದಲು ಹನ್ನೆರಡು ವರ್ಷ ಗುಂಡಿ ಕಾರ್ಖಾನೆಯಲ್ಲಿ ಅಂಗಿಯ ಗುಂಡಿಗಳನ್ನು ಎಣಿಸಿ ಪೊಟ್ಟಣ ಕಟ್ಟುತ್ತಿದ್ದರು. ಕಾರ್ಖಾನೆ ಮುಚ್ಚಿತು, ಎಣಿಸುವ ಅಭ್ಯಾಸ ಉಳಿಯಿತು. ಇಲ್ಲಿ ಎಲ್ಲರಿಗೂ ಅವರು ‘ಎಣಿಕೆ ಅಕ್ಕ’. ಮನೆಯಲ್ಲಿ ಮಾತ್ರ ಈ ವಿದ್ಯೆಗೆ ಬೆಲೆಯಿಲ್ಲ. ತಮ್ಮ ಬಾಯಲ್ಲಿ ಉಳಿದಿರುವುದು ಎರಡೇ ಹಲ್ಲು, ಸೊಸೆಯ ಎಣಿಕೆಗೆ ಸರಕು ಸಾಲದು ಎಂದು ಅತ್ತೆ ಆಡಿಕೊಳ್ಳುತ್ತಾರೆ.

ದಿನಕ್ಕೆ ಮೂವತ್ತೈದರಿಂದ ನಲವತ್ತು ಮಂದಿ ಬರುತ್ತಾರೆ. ಅರಿವಳಿಕೆಯ ಸೂಜಿ ಬೇಕಾಗುವುದು ಹದಿನಾಲ್ಕು ಹದಿನೈದು ಮಂದಿಗೆ. ಸೂಜಿ ಒಸಡಿಗೆ ತಾಗುವ ಮೊದಲೇ ಅಕ್ಕ ಒಂದು ಸಂಖ್ಯೆ ಹೇಳುತ್ತಾರೆ. ತಾಗಿದ ಕ್ಷಣದಿಂದ ಗಟ್ಟಿಯಾಗಿ ಎಣಿಸುತ್ತಾರೆ. ಆ ಸಂಖ್ಯೆ ಮುಟ್ಟುವುದರೊಳಗೆ ಸೂಜಿ ಹೊರಗಿರಬೇಕು.

“ನೋವಾಗಲ್ಲ ಅಂತ ನಾನು ಯಾರಿಗೂ ಹೇಳಲ್ಲ,” ಎನ್ನುತ್ತಾರೆ. “ಆಗುತ್ತೆ. ಎಷ್ಟು ಹೊತ್ತು ಅಂತ ಹೇಳ್ತೀನಿ. ಕೊನೆ ಎಲ್ಲಿದೆ ಅಂತ ಗೊತ್ತಾದ್ರೆ ಮನುಷ್ಯ ತಡ್ಕೊಳ್ತಾನೆ.”

ಈ ಪದ್ಧತಿ ಒಮ್ಮೆ ಕೈಕೊಟ್ಟಿದೆ. ನಾಲ್ಕು ವರ್ಷಗಳ ಹಿಂದೆ ಒಬ್ಬ ಗಾರೆ ಮೇಸ್ತ್ರಿ ದವಡೆ ಹಲ್ಲು ಕೀಳಿಸಲು ಬಂದಿದ್ದರು. ಅಕ್ಕ ಮೂವತ್ತು ಎಂದರು. ಅದು ಹಿರಿಯ ವೈದ್ಯರ ಕೈಯ ಲೆಕ್ಕ. ಅಂದು ಅವರು ರಜೆಯಲ್ಲಿದ್ದು, ಕಿರಿಯ ವೈದ್ಯೆ ಕುರ್ಚಿಯ ಪಕ್ಕದಲ್ಲಿದ್ದರು. ಮೂವತ್ತೊಂದಕ್ಕೂ ಸೂಜಿ ಬಾಯಲ್ಲೇ ಇತ್ತು. ಮೇಸ್ತ್ರಿ ವೈದ್ಯೆಯ ಕೈ ತಳ್ಳಿ, ಎದ್ದು, ಕೊರಳಲ್ಲಿದ್ದ ಪ್ಲಾಸ್ಟಿಕ್ ಹೊದಿಕೆಯೊಂದಿಗೇ ಬೀದಿಗಿಳಿದರು.

ಆಮೇಲೆ ಮೂರು ವಾರ ಅಕ್ಕ ಗೋಡೆ ಗಡಿಯಾರ ನೋಡುತ್ತ ಪ್ರತಿ ವೈದ್ಯರ ಕೈಯನ್ನೂ ಬೇರೆ ಬೇರೆಯಾಗಿ ಅಳೆದಿದ್ದಾರೆ. ಹಿರಿಯರದು ಮೂವತ್ತು, ವೈದ್ಯೆಯದು ನಲವತ್ತೈದು. ಬೇಗ ಮುಗಿಸಬಾರದೇ ಎಂದು ವೈದ್ಯೆಯನ್ನೇ ಕೇಳಿದ್ದಾರೆ. ಔಷಧ ನಿಧಾನವಾಗಿ ಇಳಿದಷ್ಟೂ ನೋವು ಕಡಿಮೆ ಎಂಬ ಉತ್ತರ ಬಂದಿದೆ. ಅಂದಿನಿಂದ ದೊಡ್ಡ ಸಂಖ್ಯೆ ಹೇಳಲು ಅವರಿಗೆ ಸಂಕೋಚವಿಲ್ಲ.

ಈ ಬುಧವಾರ, ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಅದೇ ಮೇಸ್ತ್ರಿ ಬಾಗಿಲಲ್ಲಿದ್ದಾರೆ. ನಾಲ್ಕು ವರ್ಷ ಒಂದೇ ಕಡೆಯಿಂದ ಅಗಿದಿದ್ದಾರೆ. ಕಳೆದ ತಿಂಗಳು ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಮಾತ್ರೆಯಿಂದ ಊತ ಇಳಿದಿದೆ. ಹಲ್ಲು ತೆಗೆಯದಿದ್ದರೆ ಕೀವು ದವಡೆಯ ಮೂಳೆಗೆ ಇಳಿಯುತ್ತದೆ ಎಂದು, ಇಂದೂ ಕುರ್ಚಿಯ ಪಕ್ಕದಲ್ಲಿರುವ ಕಿರಿಯ ವೈದ್ಯೆ ಎಚ್ಚರಿಸಿದ್ದಾರೆ. ಮಗಳು ಅಪ್ಪನ ತೋಳು ಬಿಟ್ಟಿಲ್ಲ.

“ಮೂರನೇ ಮಹಡಿ ಸಾರುವೆ ಹಲಗೆ ಮೇಲೆ ಬರಿಗಾಲಲ್ಲಿ ಓಡಾಡ್ತಾರೆ. ಇಲ್ಲಿ ನೋಡಿ, ಚಪ್ಪಲಿ ಬಿಡೋಕೇ ಹತ್ತು ನಿಮಿಷ,” ಎನ್ನುತ್ತಾಳೆ.

ಮೇಸ್ತ್ರಿ ಕುರ್ಚಿಯನ್ನು ನೋಡುವುದಿಲ್ಲ, ಅಕ್ಕನನ್ನು ನೋಡುತ್ತಾರೆ. “ಅವತ್ತು ಮೂವತ್ತು ಅಂದ್ರಿ.”

“ಅಂದೆ. ತಪ್ಪು ನಂದು. ಒಬ್ರ ಲೆಕ್ಕ ಇನ್ನೊಬ್ರಿಗೆ ಹೇಳ್ಬಿಟ್ಟೆ.”

“ಇವತ್ತು ಎಷ್ಟು?”

“ನಲವತ್ತೈದು.”

ಮೇಸ್ತ್ರಿಯ ಮುಖದಲ್ಲಿ ಬೆವರು ಮೂಡುತ್ತದೆ. ಮೂವತ್ತಕ್ಕೇ ಎದ್ದು ಓಡಿದವರಿಗೆ ನಲವತ್ತೈದು ಹೇಳಿದರೆ ಹೇಗೆ ಕೂರುತ್ತಾರೆಂದು ಮಗಳು ಅಕ್ಕನ ಕಿವಿಯಲ್ಲಿ ಗೊಣಗುತ್ತಾಳೆ. ಒಂದಿಷ್ಟು ಕಡಿಮೆ ಮಾಡಿ ಹೇಳಿ ಎಂದು ಬೇಡುತ್ತಾಳೆ. ಆಗದೆಂದು ಅಕ್ಕ ತಲೆಯಲ್ಲಾಡಿಸುತ್ತಾರೆ. ಮೇಸ್ತ್ರಿ ಒಮ್ಮೆ ಬಾಗಿಲ ಕಡೆ ತಿರುಗಿ, ಮತ್ತೆ ಇತ್ತ ತಿರುಗಿ, ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ; ಆಮೇಲೆ ಒರಗುತ್ತಾರೆ.

ಎಣಿಕೆ ಶುರುವಾಗುತ್ತದೆ. ದನಿ ಏರುವುದಿಲ್ಲ, ಅವಸರಪಡುವುದಿಲ್ಲ. ಇಪ್ಪತ್ತರ ಹೊತ್ತಿಗೆ ಮೇಸ್ತ್ರಿಯ ಕಾಲ್ಬೆರಳುಗಳು ಮಡಿಚಿಕೊಂಡಿವೆ. ಮೂವತ್ತೊಂದು ದಾಟುವಾಗ ಅವರ ಕೈ ಕುರ್ಚಿಯ ತೋಳಿನಿಂದ ಮೇಲೇಳುತ್ತದೆ. ಅಕ್ಕ ಮುಂದಿನ ಸಂಖ್ಯೆ ಹೇಳುತ್ತಾರೆ, ಅಷ್ಟೇ. ಕೈ ನಿಧಾನವಾಗಿ ಕೆಳಗಿಳಿಯುತ್ತದೆ. ನಲವತ್ತನಾಲ್ಕಕ್ಕೆ ಸೂಜಿ ಹೊರಬರುತ್ತದೆ.

ತಟ್ಟೆಗಳನ್ನು ಮತ್ತೆ ತೊಳೆಯುವಾಗ ಅಕ್ಕ ಹೇಳುತ್ತಾರೆ: “ಸೂಜಿ ಹಾಕೋದು, ಹಲ್ಲು ಕೀಳೋದು ಡಾಕ್ಟರು. ಆದ್ರೆ ಕೂತವ್ರನ್ನ ಕೂರಿಸಿಟ್ಟಿದ್ದು ನಾನು. ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.”

ಹಲ್ಲು ಹೊರಬಂದದ್ದು ಒಂಬತ್ತು ಗಂಟೆ ಐವತ್ತೆರಡು ನಿಮಿಷಕ್ಕೆ. ಮೇಲಿನ ಸಾಲಿನಲ್ಲಿ ಹುಳುಕಾದ ಇನ್ನೊಂದು ಹಲ್ಲಿಗೆ ಮುಂದಿನ ಬುಧವಾರದ ಚೀಟಿಯನ್ನು, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, ಮೇಸ್ತ್ರಿ ತಾವಾಗಿ ಕೇಳಿ ಪಡೆದಿದ್ದಾರೆ.